ಹುಲ್ಲು ತುಂಬಿದ ಕರು

೧೯೧೧ ಸೆಪ್ಟೆಂಬರ್ ೪, ಸೋಮವಾರ. ಹಡಪಸರ

ಭವಾನಿಪೇಟೆಯ ಮನೆಯಲ್ಲಿ ಶನಿವಾರ ಇಲಿ ಬಿದ್ದವು. ಇಲಿ ಸತ್ತು ಬಿದ್ದ ಮನೆಯಲ್ಲಿ ಮನುಷ್ಯರು ಇರಬಾರದೆಂದು ಪುಣೆಯಲ್ಲಿ ಈಗ ಕೂಸಿಗೂ ಗೊತ್ತು. ಇಲಿಯ ಹಿಂದೆಯೇ ಪ್ಲೇಗು ಬರುತ್ತದೆ. ಓಣಿಗೆ ಓಣಿಯೇ ಗಂಟು ಕಟ್ಟಿತು. ನಾವೂ ಬಾಡಿಗೆಯ ಚಕ್ಕಡಿಯಲ್ಲಿ ಇಲ್ಲಿಗೆ ಬಂದು ಬಿದ್ದಿದ್ದೇವೆ.

ಇಲ್ಲಿ ಎಂದರೆ ಹಡಪಸರದ ಹೊರಗೆ, ಭಾಗೂಬಾಯಿ ಎಂಬ ಮುದುಕಿಯ ಹೊಲ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಊರು. ಪ್ಲೇಗಿನ ಪೇಟೆಯಿಂದ ಬಂದವರೆಂದು ಊರೊಳಗೆ ನಮ್ಮನ್ನು ಬಿಡುವುದಿಲ್ಲ. ಕಾಲುವೆಯ ಸೇತುವೆ ದಾಟಿ ಹೋಗಬೇಕೆಂದರೆ ಹೋಗಬಹುದು, ಆದರೆ ಹೋದವರು ಬೇನೆ ನಿಲ್ಲುವ ತನಕ ಮತ್ತೆ ಈ ಕಡೆ ಬರುವಂತಿಲ್ಲ. ಸೇತುವೆಯ ಮೇಲೆ ಊರಿನ ಕಾವಲುಗಾರ ಕೋಲು ಹಿಡಿದು ಕುಳಿತಿದ್ದಾನೆ. ನಡುವೆ ತಟ್ಟಿ, ತಗಡುಗಳ ಒಂದು ಜೋಪಡಿ. ಅದರಲ್ಲಿ ನಾನು ಮತ್ತು ನಮ್ಮ ಯಜಮಾನರ ಇಬ್ಬರು ಮಕ್ಕಳು. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಇಷ್ಟು ದಿನ ಬರೀ ಗಾದೆ ಎಂದುಕೊಂಡಿದ್ದೆ.

ಅವರು ನಮ್ಮ ಜೊತೆ ಬರಲಿಲ್ಲ. ಅವರು ಗುಮಾಸ್ತರಾಗಿರುವ ಬೆಲ್ಲದ ಅಡತಿ ಅಂಗಡಿಯನ್ನು ಮಾಲೀಕರು ಇನ್ನೂ ಮುಚ್ಚಿಲ್ಲ. ಭಾಗೂಬಾಯಿ ಅದೇ ಅಂಗಡಿಗೆ ಬೆಲ್ಲ ಹಾಕುವವಳಾದ್ದರಿಂದ ನಮಗೆ ಈ ಜಾಗ ಸಿಕ್ಕಿತು. “ರವಿವಾರ ರವಿವಾರ ಆಚಿ ದಂಡಿಗೆ ಬಂದು ನಿಂದರತೇನಿ. ಮಕ್ಕಳನ್ನ ನೋಡ್ಕೋ,” ಎಂದು ಹೇಳಿ ಚಕ್ಕಡಿ ಹತ್ತಿಸಿದರು.

ನೋಡಿಕೊಳ್ಳಲಿಕ್ಕೇನು, ಕಣ್ಣಿವೆ. ದೊಡ್ಡದು ಹುಡುಗಿ, ರುದ್ರವ್ವ, ಒಂಬತ್ತು ವರ್ಷದ್ದು. ಚಿಕ್ಕದು ಗೂಳಪ್ಪ, ನಾಲ್ಕು ವರ್ಷದ್ದು. ಇವರ ತಾಯಿ ಮೂರನೆಯ ಬಾಣಂತಿತನದಲ್ಲಿ ಕೂಸಿನ ಸಮೇತ ತೀರಿಕೊಂಡಳು. ಆ ಜಾಗಕ್ಕೆಂದು ನನ್ನನ್ನು ಅಣ್ಣಿಗೇರಿಯಿಂದ ತಂದು ಒಂದು ವರ್ಷವಾಯಿತು. ನನಗೆ ಹತ್ತೊಂಬತ್ತು. ಈ ಒಂದು ವರ್ಷದಲ್ಲಿ ಆ ಹುಡುಗಿ ನನ್ನನ್ನು ಯಾವ ಹೆಸರಿನಿಂದಲೂ ಕರೆದಿಲ್ಲ. ನನ್ನ ವಿಷಯ ಹೇಳಲೇಬೇಕಾದರೆ ಗೋಡೆಯ ಕಡೆ ನೋಡಿ “ಇಕಿ” ಎನ್ನುತ್ತಾಳೆ.

ಮುದುಕಿಗೆ ಕನ್ನಡ ಬಾರದು, ನನಗೆ ಮರಾಠಿ ಬಾರದು. ಹುಡುಗಿಗೆ ಎರಡೂ ಬರುತ್ತವೆ. ಮುದುಕಿ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಏನೇನೋ ಹೇಳಿದಳು. ಏನಂದಳು ಎಂದು ಕೇಳಿದರೆ “ಇರ್ರಿ ಅಂದ್ಳು” ಎಂದಿತು ಹುಡುಗಿ. ಅಷ್ಟು ಮಾತಿಗೆ ಇಷ್ಟೇ ಅರ್ಥವಿದ್ದರೆ ಮರಾಠಿಯವರು ಬಹಳ ಉಸಿರು ಖರ್ಚು ಮಾಡುತ್ತಾರೆ.

ಅಪ್ಪ ಕನ್ನಡ ಸಾಲೆಯ ಮಾಸ್ತರ. ಗಂಡನ ಮನೆಗೆ ಬರುವಾಗ ಅವನು ಕೊಟ್ಟ ಖಾಲಿ ವಹಿ ಗಂಟಿನಲ್ಲಿತ್ತು. ಮಾತನಾಡಲು ಇಲ್ಲಿ ಯಾರೂ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ ೧೦, ರವಿವಾರ

ಅವರು ಬಂದರು. ಆಚೆ ದಂಡೆಯ ಜಾಲಿಗಿಡದ ಕೆಳಗೆ ಕೊಡೆ ಹಿಡಿದು ನಿಂತರು. ಜೋಳ, ಎಣ್ಣೆ, ಉಪ್ಪು ಕಾವಲುಗಾರನ ಕೈಯಿಂದ ಈ ಕಡೆ ಬಂದವು. ಮಾತನ್ನು ಮಾತ್ರ ನೀರಿನ ಮೇಲಿಂದ ಕೂಗಿಯೇ ದಾಟಿಸಬೇಕು. ಗಂಡ ಹೆಂಡಿರ ಮಾತನ್ನು ಹೊಲದ ಕಾಗೆಗಳೂ ಕೇಳಿದವು.

“ಆರಾಮ ಇದ್ದೀರೇನು?”

“ಇದ್ದೀವ್ರಿ!”

“ರುದ್ರಿ ಊಟಾ ಮಾಡತಾಳೇನು?”

ಏನೆಂದು ಕೂಗಲಿ? “ಮಾಡತಾಳ್ರಿ!” ಎಂದೆ. ಹುಡುಗಿ ಪಕ್ಕದಲ್ಲೇ ನಿಂತು ನೀರು ನೋಡುತ್ತಿತ್ತು.

ಹೊರಡುವ ಮೊದಲು ಅವರು ಮತ್ತೆ ಕೂಗಿದರು: “ನಿಮ್ಮಣ್ಣ ಫಕೀರಪ್ಪಂದು ಕಾರ್ಡ್ ಬಂದದ! ದೀವಳಿಗಿ ಮುಗಿಸಿ ನಿನ್ನ ಕರೀಲಿಕ್ಕೆ ಬರತಾನಂತ! ಹೋಗಿ ಬಾ, ನಾ ಬ್ಯಾಡ ಅನ್ನೂದಿಲ್ಲ! ಮಕ್ಕಳನ್ನ ಸೊಲ್ಲಾಪುರಕ್ಕ ಕಲ್ಲಕ್ಕನ ಕಡೆ ಕಳಸ್ತೀನಿ!”

ಕಲ್ಲವ್ವ ಅವರ ಅಕ್ಕ. ಕೈ ಜೋರು, ಬಾಯಿ ಅದಕ್ಕಿಂತ ಜೋರು. ತಾಯಿ ಸತ್ತ ಮೇಲೆ ಮಕ್ಕಳು ಒಂದು ವರ್ಷ ಅವಳ ಬಳಿಯೇ ಇದ್ದವು. ಸೊಲ್ಲಾಪುರದ ಹೆಸರು ಕೇಳಿ ಹುಡುಗಿ ಜೋಪಡಿಯ ಹಿಂದೆ ಹೋಗಿ ಕುಳಿತಿತು. ನನಗೆ ಮಾತ್ರ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಗಂಟಿನ ತಳದಿಂದ ಇಳಕಲ್ ಸೀರೆ ತೆಗೆದು ಮೂಸಿ ನೋಡಿ ಮತ್ತೆ ಒಳಗಿಟ್ಟೆ. ಅಣ್ಣ ಬಂದರೆ ಸಾಕು, ಈ ಸೇತುವೆ ದಾಟುವಾಗ ಹಿಂದಕ್ಕೆ ತಿರುಗಿಯೂ ನೋಡುವುದಿಲ್ಲ.

ಸೆಪ್ಟೆಂಬರ್ ೧೪, ಗುರುವಾರ

ಗುಟ್ಟು ಇಂದು ಚಿಕ್ಕವನ ಬಾಯಿಂದ ಹೊರಬಿತ್ತು.

ಹುಡುಗಿ ರೊಟ್ಟಿಯನ್ನು ಬುಟ್ಟಿಯ ನಡುವಿನಿಂದ ಎಳೆದುಕೊಳ್ಳುತ್ತದೆ, ಮೇಲಿನದನ್ನು ಮುಟ್ಟುವುದಿಲ್ಲ. ನಾನು ಮಾಡಿದ ಪಲ್ಯ ಬೇಡ, ಬೇಳೆ ಬೇಡ. ತಾನೇ ಕಲ್ಲಿನ ಮೇಲೆ ಖಾರ ಅರೆದುಕೊಂಡು ತಿನ್ನುತ್ತದೆ. ಕೈಗೆ ಕೊಟ್ಟರಂತೂ ಕೈ ಹಿಂದಕ್ಕೆ ಹೋಗುತ್ತದೆ. ಸೊಕ್ಕು ಎಂದುಕೊಂಡಿದ್ದೆ. ಇಂದು ಗೂಳಪ್ಪ ಬೇಳೆ ಸುರಿದುಕೊಳ್ಳುತ್ತ ಹೇಳಿದ: “ಅಕ್ಕ ತಿನ್ನೂದಿಲ್ಲ. ನೀ ಮದ್ದು ಹಾಕತೀ ಅಂತ ಕಲ್ಲತ್ತಿ ಹೇಳ್ಯಾಳ.”

ಮಲತಾಯಂದಿರು ಊಟದಲ್ಲಿ ಮದ್ದು ಹಾಕುತ್ತಾರೆ, ತಿಂದ ಮಕ್ಕಳು ದಿನದಿನಕ್ಕೆ ಒಣಗಿ ಹೋಗುತ್ತಾರೆ ಎಂಬ ಮಾತು ನಮ್ಮ ಕಡೆಯೂ ಇದೆ. ಬೇರೆಯವರ ವಿಷಯದಲ್ಲಿ ನಾನೂ ನಂಬಿದ್ದೆ. ನನ್ನ ಮೇಲೆ ಬಂದಾಗ ಮೈಯೆಲ್ಲ ಉರಿಯಿತು. ಹುಡುಗಿಯ ರಟ್ಟೆ ಹಿಡಿದು ಕೂರಿಸಿ, ತಾಟು ಮುಂದಿಟ್ಟು, “ತಿನ್ನು, ನನ್ನ ಕಣ್ಣ ಮುಂದ ತಿನ್ನು,” ಎಂದು ಎದುರಿಗೇ ನಿಂತೆ. ತುತ್ತು ಬಾಯಿಗೆ ಹಾಕಿಕೊಂಡಿತು, ಅಗಿಯಲಿಲ್ಲ. ನಾನು ನೋಡುತ್ತಲೇ ಇದ್ದೆ, ಅದು ನನ್ನನ್ನು ನೋಡುತ್ತಲೇ ಇತ್ತು. ಆಮೇಲೆ ಜೋಪಡಿಯ ಹಿಂದೆ ಹೋಗಿ ಉಗುಳಿ ಬಂತು.

ದೀವಳಿಗೆ ಇನ್ನೂ ಎಷ್ಟು ದೂರ!

ಸೆಪ್ಟೆಂಬರ್ ೧೯, ಮಂಗಳವಾರ

ಭಾಗೂಬಾಯಿಯ ಆಳು ಬೇನೆಗೆ ಹೆದರಿ ತನ್ನ ಊರಿಗೆ ಓಡಿಹೋಗಿದ್ದಾನೆ. ಮುದುಕಿಗೆ ಮೊಣಕಾಲು ನೋವು. ದನಗಳಿಗೆ ಮೇವು ಹಾಕಲು ಮಕ್ಕಳನ್ನು ಕಳಿಸಿದರೆ ದಿನಾ ಒಂದು ಚರಿಗೆ ಹಾಲು ಕೊಡುತ್ತಾಳಂತೆ. ಊರಿನಿಂದ ನಮಗೆ ಹಾಲು ತರುವ ಹಾಗಿಲ್ಲ, ಕೂಡಲೇ ಒಪ್ಪಿದೆ. ಮಕ್ಕಳು ಕಣ್ಣ ಮುಂದಿನಿಂದ ಸ್ವಲ್ಪ ಹೊತ್ತು ತೊಲಗಲಿ ಎಂದೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಕೊಟ್ಟಿಗೆಯಲ್ಲಿ ಎರಡು ಎತ್ತು, ಒಂದು ಆಡು, ಈಚೆಗೆ ಕರು ಹಾಕಿದ ಒಂದು ಎಮ್ಮೆ. ಎಮ್ಮೆಯ ಹೆಸರು ಮೈನಾ. ಹೆಸರು ಹಕ್ಕಿಯದು, ಮೈ ಬಂಡೆಗಲ್ಲಿನದು. ಹೊಸಬರನ್ನು ಕಂಡರೆ ಕೋಡು ಬೀಸುತ್ತದೆ. ಮೊದಲ ದಿನ ಗೂಳಪ್ಪ ಒಣ ಜೋಳದ ಕಣಿಕೆಯ ಸಿವುಡು ಹಿಡಿದು ಎದುರಿಗೇ ಓಡಿದ; ಎಮ್ಮೆ ಹಗ್ಗ ಹರಿಯುವಷ್ಟು ಎಳೆಯಿತು. ಭಾಗೂಬಾಯಿ ಕುಳಿತಲ್ಲಿಂದಲೇ ಬೈದು ಏನೋ ಕಲಿಸಿದಳು. ಸಂಜೆ ಹುಡುಗಿ ಅದನ್ನೇ ತಮ್ಮನಿಗೆ ದೊಡ್ಡ ಮಾಸ್ತರರ ಹಾಗೆ ಹೇಳುತ್ತಿತ್ತು.

“ಎದರಿಗೆ ಓಡಬ್ಯಾಡ. ಬಾಜೂಕ ಹೋಗಿ ಮೇವು ಇಡು, ಹಿಂದಕ್ಕ ಸರಿ, ಆ ಕಡೆ ಮಾರಿ ಮಾಡಿ ಕುಂದರು. ತಿನ್ನೂವಾಗ ಅದರ ಮಾರಿ ನೋಡಬಾರದು. ನೋಡಿದ್ರ ಅದಕ್ಕ ಅಂಜಿಕಿ ಬರತದ.”

“ಮತ್ತ ತಿಂತೋ ಇಲ್ಲೋ ಹೆಂಗ ಗೊತ್ತಾಗತದ?”

“ಕಿವಿ ಇಲ್ಲೇನು? ಸಪ್ಪಳ ಕೇಳು.”

ಎಮ್ಮೆಗೆ ಅಂಜಿಕೆಯಂತೆ! ಕೋಣನ ಮುಂದೆ ಕಿನ್ನರಿ ಬಾರಿಸುವುದೊಂದು ಬಾಕಿ.

ರಾತ್ರಿಯ ಊಟಕ್ಕೆ ಬುಟ್ಟಿ ಇಟ್ಟು ನಾನು ಹೊರಗೆ ಬಾಗಿಲಿಗೆ ಬೆನ್ನು ಮಾಡಿ ಕುಳಿತೆ. ಒಳಗೆ ಹೊಗೆ ಬಹಳ ಇತ್ತು.

ಸೆಪ್ಟೆಂಬರ್ ೨೩, ಶನಿವಾರ

ಆಡಿಗೆ ಸೊಪ್ಪು ತೋರಿಸಿ, ಹತ್ತಿರ ಬಂದಾಗ ಹಿಂದಕ್ಕೆ ಎಳೆದುಕೊಂಡು ಗೂಳಪ್ಪ ನಗುತ್ತಿದ್ದ. ಎರಡು ಸಲ ಸಹಿಸಿದ ಆಡು ಮೂರನೆಯದಕ್ಕೆ ಗುಮ್ಮಿ ಕೆಡವಿತು, ಮೇಲೆ ಟೋಪಿಯ ಅಂಚನ್ನೂ ತಿಂದಿತು. “ಕೊಡೂದಿದ್ರ ಕೊಡು, ಆಡಸಬ್ಯಾಡ,” ಎಂದು ಅಕ್ಕ ಬೈದಳು. ಅವನು “ಅವ್ವಾ!” ಎಂದು ಅಳುತ್ತ ಓಡಿಬಂದು ನನ್ನ ಸೀರೆಯಲ್ಲಿ ಮುಖ ಹುದುಗಿಸಿದ.

ಆಮೇಲೆ ನೋಡಿದರೆ ಅವನ ತೋಳಿನ ಮೇಲೆ ಅಕ್ಕ ಚಿವುಟಿದ ಗುರುತು. ನನ್ನನ್ನು ಅವ್ವಾ ಎಂದದ್ದಕ್ಕೆ.

ಅಕ್ಟೋಬರ್ ೨, ಸೋಮವಾರ. ವಿಜಯದಶಮಿ

ಹಬ್ಬವೆಂದು ಅಂಗಡಿಗೆ ರಜೆ. ಅವರು ಬನ್ನಿ ಎಲೆಯನ್ನು ಕರವಸ್ತ್ರದಲ್ಲಿ ಕಲ್ಲಿನ ಜೊತೆ ಕಟ್ಟಿ ಈ ಕಡೆ ಎಸೆದರು. ನೀರಿಗೆ ಬಿತ್ತು. ಮತ್ತೊಂದು ಕಟ್ಟಿ ಎಸೆದರು, ಅದೂ ಬಿತ್ತು. ಬೆಲ್ಲದ ಲೆಕ್ಕ ಬರೆದು ಬರೆದು ಆ ಕೈಯಲ್ಲಿ ಕಸುವೇ ಇಲ್ಲ. “ಬಂಗಾರ ಕೊಟ್ಟಂಗ ತಿಳ್ಕೋರಿ!” ಎಂದು ಕೂಗಿ ಹೋದರು. ಬನ್ನಿ ಎಲೆ ಕಾಲುವೆಯಲ್ಲಿ ನಮಗಿಂತ ಮೊದಲು ಊರು ಬಿಟ್ಟು ಹೋಯಿತು.

ಇಂಥ ದಿನ ಅಣ್ಣಿಗೇರಿಯಲ್ಲಿ ನಮ್ಮ ಮನೆಯ ಬಾಗಿಲು ಮುಚ್ಚುತ್ತಲೇ ಇರಲಿಲ್ಲ. ಇಲ್ಲಿ ಮುಚ್ಚಲು ಬಾಗಿಲೇ ಇಲ್ಲ, ಆದರೂ ಹೊರಗೆ ಹೋಗಲಾರೆ. ಅಳಬಾರದೆಂದು ಒಲೆ ಸಾರಿಸಿದೆ.

ಅಕ್ಟೋಬರ್ ೬, ಶುಕ್ರವಾರ

ಮೈನಾಳ ಕರು ಸತ್ತಿತು. ಎರಡು ದಿನ ಭೇದಿಯಾಗಿ ನೆಲ ಹಿಡಿದಿತ್ತು. ಹುಡುಗಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಹಾಲು ನೆಕ್ಕಿಸಲು ನೋಡಿತು. ಕೊನೆಗೆ ಬೆರಳನ್ನೂ ಚೀಪಲಿಲ್ಲ.

ಎಮ್ಮೆ ಕೂಗುತ್ತಿದೆ. ತಟ್ಟಿಯ ಗೋಡೆ, ಒಂದು ಕೂಗೂ ತಪ್ಪದೆ ಒಳಗೆ ಬರುತ್ತದೆ.

ಅಕ್ಟೋಬರ್ ೯, ಸೋಮವಾರ

ಕರು ಇಲ್ಲದೆ ಮೈನಾ ಹಾಲು ಇಳಿಸುವುದಿಲ್ಲ. ಭಾಗೂಬಾಯಿ ಕೆಚ್ಚಲಿಗೆ ಕೈ ಹಚ್ಚಿದರೆ ಒದೆಯುತ್ತದೆ. ಮುದುಕಿ ಸುಮ್ಮನೆ ಕೂರುವವಳಲ್ಲ. ಸತ್ತ ಕರುವಿನ ತೊಗಲು ಸುಲಿಸಿ, ಒಣಗಿಸಿ, ಒಳಗೆ ಹುಲ್ಲು ತುಂಬಿಸಿ, ನಾಲ್ಕು ಕೋಲಿನ ಕಾಲು ಹಚ್ಚಿಸಿ ಇಂದು ತರಿಸಿದಳು. ಕಣ್ಣಿನ ಜಾಗದಲ್ಲಿ ಹೊಲಿಗೆ. ಅದನ್ನು ಎಮ್ಮೆಯ ಮೂಗಿನ ಬಳಿ ಹಿಡಿದು ನಿಲ್ಲುವ ಕೆಲಸ ನನಗೆ ಬಂತು. ತೊಗಲಿನ ವಾಸನೆಗೆ ಸೆರಗನ್ನು ಮೂಗಿಗೆ ಕಟ್ಟಿಕೊಂಡೆ. ಕೊರಳಲ್ಲಿ ಲಿಂಗವಿದೆ, ಇದನ್ನು ಮುಟ್ಟಿ ಅದನ್ನು ಹೇಗೆ ಮುಟ್ಟಲಿ ಎಂದು ಬೇರೆ ಚಿಂತೆ.

ಮೈನಾ ಮೂಸಿದಳು. ನೆಕ್ಕಿದಳು. ಬೆನ್ನಿನಿಂದ ಬಾಲದ ತನಕ ನೆಕ್ಕಿದಳು. ಆ ಕಡೆ ಚರಿಗೆಯಲ್ಲಿ ಹಾಲಿನ ಸಪ್ಪಳ ಕೇಳಿತು. ಮುದುಕಿ ನಕ್ಕಳು.

ರುದ್ರವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುಖ ಸುಟ್ಟ ಹೆಂಚಿನ ಬಣ್ಣಕ್ಕೆ ಬಂದಿತ್ತು.

“ಇದು ಮೋಸ. ಅದರ ಕರಾ ಅಲ್ಲ ಇದು. ಹುಲ್ಲು.”

“ಎಮ್ಮೆಗೆ ಏನು ತಿಳೀತದ, ಸುಮ್ಮನಿರು,” ಎಂದೆ.

ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನೇ ನೋಡಿ ಮಾತನಾಡಿದಳು: “ಅಪ್ಪಾನೂ ಹಿಂಗ ಮಾಡ್ಯಾನ. ನಮ್ಮ ಮುಂದ ನಿನ್ನ ತಂದು ನಿಲ್ಲಿಸ್ಯಾನ.”

ಕರುವನ್ನು ಹಿಡಿದ ಕೈ ಬಿಡಲೂ ಆಗಲಿಲ್ಲ, ಎಮ್ಮೆ ಇನ್ನೂ ಹಾಲು ಇಳಿಸುತ್ತಿತ್ತು.

ಅಕ್ಟೋಬರ್ ೧೦, ಮಂಗಳವಾರ

ಎರಡು ಸಲ ಸ್ನಾನ ಮಾಡಿದೆ. ಆ ವಾಸನೆ ಹೋಗಿಲ್ಲ.

ಅಕ್ಟೋಬರ್ ೧೨, ಗುರುವಾರ

ಬೆಳಿಗ್ಗೆ ಹುಲ್ಲಿನ ಕರು ಕೊಟ್ಟಿಗೆಯಲ್ಲಿ ಇರಲಿಲ್ಲ. ಕಾಲುವೆಯ ದಂಡೆಯ ಮುಳ್ಳಿನಲ್ಲಿ ಒಂದು ಕೋಲಿನ ಕಾಲು ಸಿಕ್ಕಿಕೊಂಡಿತ್ತು. ರುದ್ರವ್ವ ಉಟ್ಟ ಪರಕಾರದ ಅಂಚು ಒದ್ದೆ. ಕೇಳುವುದೇ ಬೇಡ.

ಭಾಗೂಬಾಯಿ ಎತ್ತಿನ ಬಾರಕೋಲು ಹಿಡಿದು ಬಂದಳು. “ಕೋಣೀ ಟಾಕಲಂ?” ಎಂದು ಕಿರುಚಿದಳು. ಯಾರು ಎಸೆದದ್ದೆಂದು ಕೇಳುತ್ತಿದ್ದಾಳೆ ಎಂದು ನನಗೂ ತಿಳಿಯಿತು. ರುದ್ರವ್ವ ಓಡಲಿಲ್ಲ, ಅಳಲಿಲ್ಲ, ಕಣ್ಣು ಮುಚ್ಚಿ ನಿಂತುಬಿಟ್ಟಳು. ಆ ಕಣ್ಣು ಮುಚ್ಚಿದ ರೀತಿ ನೋಡಿದರೆ ಸೊಲ್ಲಾಪುರದಲ್ಲಿ ಇದು ಅಭ್ಯಾಸವಾದದ್ದು ಎಂದು ಕಾಣುತ್ತದೆ. ನನ್ನ ಹರಕು ಮರಾಠಿಯಲ್ಲಿ “ಮೀ ಟಾಕಲಾ, ಮೀ,” ನಾನೇ ಎಸೆದೆ, ನಾನೇ, ಎಂದು ನಡುವೆ ಹೋದೆ. ಯಾಕೆ ಹೋದೆನೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಹಾಗೆ ಒಂದು ಏಟು ನನ್ನ ಮೊಣಕೈ ಮೇಲೆ ಬಿತ್ತು.

ಆಮೇಲೆ ಮುದುಕಿ ಬಹಳ ಹೊತ್ತು ಬೈದಳು. ಈ ಸಲ ರುದ್ರವ್ವ ಒಂದು ಮಾತೂ ಬಿಡದೆ ಅರ್ಥ ಹೇಳಿದಳು. “ದೀವಳಿಗಿ ಒಳಗ ಎಮ್ಮಿ ಹಾಲು ಕೊಡಬೇಕಂತ. ಹೆಂಗ ಕೊಡಸ್ತೀರೋ ನೀವ ನೋಡ್ರಿ ಅಂತ. ಇಲ್ಲಂದ್ರ ಜೋಪಡಿ ಕಿತ್ತು ಒಗದು ಸೇತುವಿ ದಾಟಸ್ತೀನಿ ಅಂತ.” ಕೊನೆಗೆ ಹೇಳಿದಳು: “ನಿನಗ ಹುಚ್ಚೀ ಅಂದ್ಳು. ಮತ್ತ ಭಾಳ ಹೊಲಸ ಮಾತು ಅಂದ್ಳು, ಅದನ್ನ ನಾ ಹೇಳೂದಿಲ್ಲ.”

ಪ್ಲೇಗಿನ ಪೇಟೆಗೆ ಈ ಎರಡನ್ನು ಕಟ್ಟಿಕೊಂಡು ಹೋಗುವುದು ಎಲ್ಲಿಗೆ? ನನಗೆ ನಿಜವಾಗಿಯೂ ಭಯವಾಗಿದೆ.

ಅಕ್ಟೋಬರ್ ೧೫, ರವಿವಾರ

ಅಣ್ಣಿಗೇರಿಯಲ್ಲಿ ಎರಡು ಎಮ್ಮೆಯ ಹಾಲು ಹಿಂಡಿ ಸಾಲೆಗೆ ಹೋಗುತ್ತಿದ್ದವಳು ನಾನು. ಕೆಲವು ಎಮ್ಮೆಗಳು ಕರು ಇಲ್ಲದಿದ್ದರೂ ಶೇಂಗಾ ಹಿಂಡಿ ತಿನ್ನುತ್ತ ಹಾಲು ಇಳಿಸುತ್ತವೆ ಎಂದು ಅವ್ವ ಹೇಳುತ್ತಿದ್ದದ್ದು ನೆನಪಾಯಿತು. ರುದ್ರಿಗೆ ಹೇಳಿದೆ. ತಿನ್ನಿಸುವುದು ಅವಳ ಕೆಲಸ, ಹಿಂಡುವುದು ನನ್ನದು ಎಂದು ಹಂಚಿಕೊಂಡೆವು. ಇನ್ನು ಮೋಸ ಮಾಡುವುದಿಲ್ಲ ಎಂದು ನಾನು ಮಾತು ಕೊಡಬೇಕಾಯಿತು.

ಮೂರು ದಿನದಿಂದ ಒದೆಸಿಕೊಳ್ಳುತ್ತಿದ್ದೇನೆ. ಮೈನಾ ಮೇವನ್ನೇ ಮುಟ್ಟುತ್ತಿರಲಿಲ್ಲ. ನೆನೆಸಿದ ಶೇಂಗಾ ಹಿಂಡಿಯನ್ನು ಮೂಸಿ ಪುಸ್ ಎಂದು ಮುಖ ತಿರುಗಿಸುತ್ತಾಳೆ. ಇಂದು ಬೆಳಿಗ್ಗೆ ರುದ್ರಿ ಬಹಳ ಹೊತ್ತು ಅವಳ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದಳು. ಆಮೇಲೆ ಬುಟ್ಟಿಯಿಂದ ಒಂದು ಚಿಟಿಕೆ ಹಿಂಡಿ ತೆಗೆದು ಎಮ್ಮೆಗೆ ಕಾಣುವ ಹಾಗೆ ತನ್ನ ಬಾಯಿಗೆ ಹಾಕಿಕೊಂಡು ಅಗಿದಳು.

ಗೂಳ್ಯಾ ಬಾಯಿ ಬಿಟ್ಟ. “ಅಕ್ಕಾ, ನೀ ಎಮ್ಮಿ ಆದಿ!”

“ನಾ ತಿಂದು ತೋರಿಸಿದ್ರ ಅದಕ್ಕ ನಂಬಿಕಿ ಬರತದ,” ಎಂದಳು. ಬುಟ್ಟಿ ಕೆಳಗಿಟ್ಟು ಮುಖ ತಿರುಗಿಸಿ ಕುಳಿತಳು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ನೆಕ್ಕುವ ಸಪ್ಪಳ ಬಂತು. ರುದ್ರಿ ತಿರುಗಲಿಲ್ಲ, ಹಲ್ಲು ಬಿಟ್ಟು ನನ್ನ ಕಡೆ ನೋಡಿ ನಕ್ಕಳು. ನಕ್ಕದ್ದು ನನಗೆಂದು ನೆನಪಾದ ಕೂಡಲೇ ಬಾಯಿ ಮುಚ್ಚಿಕೊಂಡಳು. ಮುಂದಿನ ಹಲ್ಲೊಂದು ಬಿದ್ದಿರುವುದನ್ನು ನಾನು ಇವತ್ತೇ ನೋಡಿದ್ದು.

ಈಚೆಗೆ ಹಸಿವೆ ಜಾಸ್ತಿಯಾಗಿದೆ. ರಾತ್ರಿ ಮಕ್ಕಳಿಗಿಂತ ಮೊದಲು, ಅವರ ಎದುರಿಗೇ, ನಾನೇ ಒಂದು ತುತ್ತು ರೊಟ್ಟಿ ಬೇಳೆ ತಿಂದು, ಆಮೇಲೆ ಅವರಿಗೆ ಇಟ್ಟೆ. ಹಿರಿಯರು ನೋಡಿದ್ದರೆ ಹೆಣ್ಣುಮಗಳ ಲಕ್ಷಣವೇ ಎಂದು ಉಗುಳುತ್ತಿದ್ದರು. ರುದ್ರಿ ಬೇಳೆಯ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು.

ಅಕ್ಟೋಬರ್ ೧೯, ಗುರುವಾರ

ಮೈನಾ ಹಾಲು ಕೊಟ್ಟಳು!

ಮೊದಲು ನಾಲ್ಕು ಹನಿ, ಆಮೇಲೆ ಧಾರೆ. ಚರಿಗೆ ತುಂಬಿ ನೊರೆ ನನ್ನ ಮೊಣಕಾಲಿನ ಮೇಲೆ ಬಿತ್ತು. ರುದ್ರಿ ಹಿಂಡಿಯ ಬುಟ್ಟಿ ಹಿಡಿದುಕೊಂಡು ಮಿಸುಕದೆ ನಿಂತಿದ್ದಳು. ಭಾಗೂಬಾಯಿ ಗೋಡೆ ಹಿಡಿದು ಎದ್ದು ಬಂದು ನೋಡಿದಳು. ಹೋಗುವಾಗ ಗೂಳ್ಯಾನ ಕೈಗೆ ಒಂದು ಚೂರು ಬೆಲ್ಲ ಕೊಟ್ಟು ಹೋದಳು.

ಸಂಜೆ ರುದ್ರಿ ದಂಡೆಯ ಮೇಲೆ ಕುಳಿತು ಕೇಳಿದಳು, ನನ್ನನ್ನೋ ನೀರನ್ನೋ ತಿಳಿಯದು: “ಕರಾ ಸತ್ತದ್ದು ಮೈನಾಗ ಗೊತ್ತದ. ಇಲ್ಲಿ ಯಾವ ಕರಾನೂ ಇಲ್ಲ ಅಂತಾನೂ ಗೊತ್ತದ. ಗೊತ್ತಿದ್ದೂ ಯಾಕ ಕೊಟ್ಳು?”

“ನೀ ದಿನಾ ತಿನ್ನಿಸಿದಿ, ಅದಕ್ಕ.”

“ನಾ ಅದರ ಕರಾ ಅಲ್ಲಲ್ಲ.”

“ಅಲ್ಲ ಬಿಡು. ನೀ ನೀನ.”

ಬಹಳ ಹೊತ್ತು ನೀರಿಗೆ ಕಲ್ಲು ಎಸೆದಳು. ನನಗೆ ಬೆರಳು ನೋಯುತ್ತಿವೆ, ಇಷ್ಟು ಸಾಕು.

ಅಕ್ಟೋಬರ್ ೨೨, ರವಿವಾರ. ದೀಪಾವಳಿ ಅಮಾವಾಸ್ಯೆ

ಅವರು ಬಂದು ಕೂಗಿದರು. ಅಣ್ಣ ಬುಧವಾರ ಸಂಜೆ ಬರುತ್ತಾನೆ. ಅದೇ ಹೊತ್ತಿಗೆ ನಾವು ಮೂವರೂ ಸೇತುವೆ ದಾಟಬೇಕು. ನಾನು ಅಣ್ಣಿಗೇರಿಗೆ, ಮಕ್ಕಳು ಸೊಲ್ಲಾಪುರಕ್ಕೆ. “ನಾಕು ತಿಂಗಳು ಆರಾಮ ಇದ್ದು ಬಾ!” ಎಂದರು. ಎಷ್ಟು ದಿನದಿಂದ ಕಾದ ಮಾತು! “ಹೂಂನ್ರಿ!” ಎಂದು ಕೂಗಿದೆ. ದನಿ ಆಚೆ ದಂಡೆಗೆ ಮುಟ್ಟಲಿಲ್ಲ, ಎರಡನೆಯ ಸಲ ಕೂಗಬೇಕಾಯಿತು.

ಗಂಟು ಕಟ್ಟಿದೆ. ಇಳಕಲ್ ಸೀರೆ ಮೇಲಿಟ್ಟೆ. ಮಕ್ಕಳದ್ದು ಬೇರೆ ಗಂಟು. ಮೈನಾಳನ್ನು ಇನ್ನು ಯಾರು ಹಿಂಡುತ್ತಾರೋ, ಮುದುಕಿ ಮತ್ತೊಂದು ಹುಲ್ಲಿನ ಕರು ಮಾಡಿಸುತ್ತಾಳೆ. ನನಗೇಕೆ ಅದೆಲ್ಲ. ನಾನು ಸಂತೋಷವಾಗಿದ್ದೇನೆ.

ಅಕ್ಟೋಬರ್ ೨೪, ಮಂಗಳವಾರ

ಎರಡು ದಿನದಿಂದ ಊಟ ಸೇರುತ್ತಿಲ್ಲ. ಜ್ವರವೇನೂ ಇಲ್ಲ, ಕಂಕುಳು ಮುಟ್ಟಿ ನೋಡಿಕೊಂಡೆ, ಪ್ಲೇಗಿನ ಗಂಟೂ ಇಲ್ಲ. ಸುಮ್ಮನೆ ತಟ್ಟಿಗೆ ಒರಗಿ ಕುಳಿತಿದ್ದೆ, ಒಲೆ ಹೊತ್ತಿಸಲೂ ಮನಸ್ಸಾಗಲಿಲ್ಲ. ಮಕ್ಕಳು ಭಾಗೂಬಾಯಿಯ ಬಳಿ ಇದ್ದಾರೆಂದು ತಿಳಿದಿದ್ದೆ.

ಸಂಜೆಗೆ ರುದ್ರಿ ಒಂದು ತಾಟು ತಂದಳು. ತಾನೇ ತಟ್ಟಿದ ರೊಟ್ಟಿ. ಒಂದು ಕಡೆ ಕರಿ, ಇನ್ನೊಂದು ಕಡೆ ಹಸಿ, ನಡುವೆ ಹೆಬ್ಬೆರಳು ಹೋಗುವಷ್ಟು ತೂತು. ಜೊತೆಗೆ ಮೈನಾಳ ಹಾಲು. ನನ್ನ ಎದುರಿಗೆ ಬರದೆ ಪಕ್ಕಕ್ಕೆ ಬಂದು ಕುಳಿತಳು. ರೊಟ್ಟಿಯ ಅಂಚು ಮುರಿದು ಹಾಲಿನಲ್ಲಿ ಅದ್ದಿ ನನಗೆ ಕಾಣುವ ಹಾಗೆ ತನ್ನ ಬಾಯಿಗೆ ಹಾಕಿಕೊಂಡು ಅಗಿದು ನುಂಗಿದಳು. ತಾಟನ್ನು ನನ್ನ ಮುಂದೆ ಇಟ್ಟು ಹಿಂದಕ್ಕೆ ಸರಿದು ಆ ಕಡೆ ಮುಖ ಮಾಡಿದಳು.

ಎಂಜಲು ಮಾಡಿ ತಂದು ಕೊಡುತ್ತಾಳೆ, ಯಾರು ಕಲಿಸಿದರೋ ಈ ರೀತಿ! ಬೈಯಬೇಕೆಂದು ತೆರೆದ ಬಾಯಿಗೆ ತುತ್ತು ಹಾಕಿಕೊಂಡೆ. ತಿಂದೆ. ಕರಕಲನ್ನೂ ಬಿಡದೆ ತಿಂದೆ. ಅವಳು ಮುಗಿಯುವ ತನಕ ತಿರುಗಲಿಲ್ಲ, ಕಿವಿ ಮಾತ್ರ ನನ್ನ ಕಡೆ ಇತ್ತು.

ಅಕ್ಟೋಬರ್ ೨೫, ಬುಧವಾರ

ಅಣ್ಣ ಬಂದ. ಜಾಲಿಗಿಡದ ಕೆಳಗೆ ಅವರ ಪಕ್ಕದಲ್ಲಿ ನಿಂತಿದ್ದ, ತಲೆಗೆ ಹಬ್ಬದ ಹೊಸ ರುಮಾಲು. ನೋಡಿದ ಕೂಡಲೇ ಕಣ್ಣು ತುಂಬಿ ಬಂದವು. ನಾನು ಇಳಕಲ್ ಸೀರೆ ಉಟ್ಟಿದ್ದೆ. ಗಂಟು ಹಿಡಿದು ಸೇತುವೆಯ ತನಕ ಹೋದೆ, ಗೂಳ್ಯಾ ನನ್ನ ಸೆರಗು ಹಿಡಿದಿದ್ದ. ರುದ್ರಿ ತನ್ನ ಗಂಟನ್ನು ತರಲಿಲ್ಲ, ಕೊಟ್ಟಿಗೆಯಿಂದ ಹೊರಗೇ ಬರಲಿಲ್ಲ.

“ಬಾರವ್ವಾ ಶಿವಗಂಗಾ! ಅವ್ವ ದಾರಿ ನೋಡಾಕತ್ಯಾಳ!”

ಕಾವಲುಗಾರ ಕೋಲು ಬದಿಗೆ ಸರಿಸಿದ. ಹತ್ತು ಹೆಜ್ಜೆ ಇಟ್ಟರೆ ಅಣ್ಣ. ಆಗ ಕೊಟ್ಟಿಗೆಯಲ್ಲಿ ಮೈನಾ ಕೂಗಿದಳು. ಹಿಂಡುವ ಹೊತ್ತಾಗಿತ್ತು.

“ಇವತ್ತ ಆಗೂದಿಲ್ಲಣ್ಣಾ!” ಎಂದೆ.

“ಯಾಕ? ಮೈಯಾಗ ಆರಾಮಿಲ್ಲೇನು?”

“ಎಮ್ಮಿ ಹಿಂಡಬೇಕು!”

ಆ ಕಡೆ ಇಬ್ಬರೂ ಮುಖ ಮುಖ ನೋಡಿಕೊಂಡರು. “ಯಾರ ಎಮ್ಮಿ?”

“ಭಾಗೂಬಾಯೀದು!”

“ಅಕಿ ಎಮ್ಮಿ ಅಕಿ ಹಿಂಡ್ಕೋತಾಳ, ನೀ ಬಾ!”

“ಅಕಿಗೆ ಕೊಡೂದಿಲ್ಲ! ನಮಗಷ್ಟ ಕೊಡತದ!”

ಕಾವಲುಗಾರನಿಗೆ ಕನ್ನಡ ಬಾರದು, ಆದರೂ ನಕ್ಕ. ಅವರು ನಗಲಿಲ್ಲ. ಬಿಸಿಲು ಇಲ್ಲದಿದ್ದರೂ ಕೊಡೆ ಬಿಚ್ಚಿ ಮುಖದ ಮುಂದೆ ಹಿಡಿದುಕೊಂಡರು. ಅಣ್ಣನಿಗೆ ಸಿಟ್ಟು ಬಂದಿತ್ತು. “ಮತ್ತ ಯಾವಾಗ ಬರಲಿ? ಹೇಳಿ ಬಿಡು!”

“ಎಮ್ಮಿ ಬತ್ತಿದ ಮ್ಯಾಲ!” ಬಾಯಿಗೆ ಬಂದದ್ದನ್ನು ಕೂಗಿಬಿಟ್ಟೆ. ಎಮ್ಮೆ ಬತ್ತಲು ಎಷ್ಟು ತಿಂಗಳು ಬೇಕೆಂದು ಅಣ್ಣನಿಗೂ ಗೊತ್ತು. ಅವ್ವ ಕಳಿಸಿದ ಕರಜಿಕಾಯಿಯ ಬುಟ್ಟಿಯನ್ನು ಕಾವಲುಗಾರನ ಕೈಗಿಟ್ಟ. ಆಮೇಲೆ ಇಬ್ಬರೂ ರಸ್ತೆ ಹಿಡಿದರು. ತವರಿನಿಂದ ಕರೆಯಲು ಬಂದ ಅಣ್ಣನನ್ನು ದಂಡೆಯಿಂದಲೇ ಹಿಂದಕ್ಕೆ ಕಳಿಸಿದ ಮೂಳಿ ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಅಳುತ್ತ ಬಂದೆ. ಸಿಟ್ಟು, ಮತ್ತೇನಲ್ಲ.

ರುದ್ರಿ ಹಿಂಡಿಯ ಬುಟ್ಟಿಯಲ್ಲಿ ಮೊಣಕೈ ತನಕ ಕೈಯಿಟ್ಟು ಕಲಸುತ್ತಿದ್ದಳು. ತಲೆ ಎತ್ತಲಿಲ್ಲ. “ಹೋಗಲಿಲ್ಲೇನು?”

“ಹಿಂಡೂ ಹೊತ್ತು ಆತಲ್ಲ.”

ಇಳಕಲ್ ಸೀರೆಯನ್ನೇ ಮೇಲೆ ಕಟ್ಟಿ ಕುಳಿತೆ. ಅವಳು ತಿನ್ನಿಸಿದಳು, ನಾನು ಹಿಂಡಿದೆ. ಗೂಳ್ಯಾ ಕರಜಿಕಾಯಿ ತಿನ್ನುತ್ತ ಆಡಿಗೂ ಕೊಟ್ಟ, ಈ ಸಲ ಆಡಿಸದೆ ಕೊಟ್ಟ.

ಚರಿಗೆ ತುಂಬಿದ ಮೇಲೆ ಬೆಳಗಿನ ರೊಟ್ಟಿಯ ಬುಟ್ಟಿ, ಬೇಳೆ ತಂದು ಅಲ್ಲೇ ಇಟ್ಟೆ. ರುದ್ರಿ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡಳು. ಬೆರಳಿನಿಂದ ಹಿಂಡಿ ಸುರಿಯುತ್ತಿತ್ತು. ಹತ್ತಿರದಲ್ಲೇ ಕಾಲುವೆ, ಎರಡು ಹೆಜ್ಜೆಗೆ ನೀರು.

“ನನ್ನ ಕೈ ಹೊಲಸಾಗ್ಯಾವ,” ಎಂದಳು. “ಹಸಿವಿ ಆಗೇದ.”

ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ, ರೂಢಿಯ ಹಾಗೆ ಮೊದಲ ತುತ್ತನ್ನು ನನ್ನ ಬಾಯಿಗೆ ಒಯ್ದೆ.

“ನೀ ಯಾಕ ತಿಂತೀ ಮೊದಲ?” ಎಂದಳು. “ನನಗ ಕೊಡು.”

ಕೊಟ್ಟೆ. ಮುಖ ನೋಡಲಿಲ್ಲ, ಮೈನಾಳ ಕಡೆ ನೋಡುತ್ತ ಕೊಟ್ಟೆ. ಅಗಿಯುವ ಸಪ್ಪಳ ಕೇಳಿತು. ಇನ್ನೊಂದು ಕೊಟ್ಟೆ, ಮತ್ತೊಂದು ಕೊಟ್ಟೆ. ಗೂಳ್ಯಾನೂ ಬಂದು ಬಾಯಿ ತೆರೆದು ಕುಳಿತ. ಬುಟ್ಟಿಯಲ್ಲಿದ್ದ ರೊಟ್ಟಿ ಸಾಲಲಿಲ್ಲ. ಹೋಗಿ ಮತ್ತೆ ಒಲೆ ಹೊತ್ತಿಸಿದೆ.